ಮಳೆಯ ಸುದ್ದಿಗೆ ಜಾಗ ಬಿಡಿ

ತಿಕೋಟಾ, ಬಬಲೇಶ್ವರ ಭಾಗದ ದ್ರಾಕ್ಷಿ ಬೆಳೆಗಾರರಿಗೆ, ಅವರ ವಾಟ್ಸಾಪ್ ಗುಂಪುಗಳ ಅಡ್ಮಿನ್‌ಗಳಿಗೆ, ಆ ಗುಂಪುಗಳಲ್ಲಿರುವ ವಿಜಯಪುರದ ಬಂಧುಗಳಿಗೆ,



ಬರದ ವರ್ಷಗಳಲ್ಲಿ ಟ್ಯಾಂಕರ್ ನೀರು ಹಾಕಿ ತೋಟ ಉಳಿಸಿಕೊಂಡವರು ನೀವು. ತುಬಚಿ-ಬಬಲೇಶ್ವರ ಏತ ನೀರಾವರಿಯಿಂದ ಕೃಷ್ಣಾ ನೀರು ಕೆರೆಗಳಿಗೆ ಬಂದಿತು. ಇಷ್ಟು ಕಾದು ನೀರು ಕಂಡ ನಾಡಿನಲ್ಲಿ ಅಕಾಲದ ಮಳೆಗೆ ಅಂಜುವ ಬೆಳೆ ದ್ರಾಕ್ಷಿ.

ಅಕ್ಟೋಬರ್ ಚಾಟಣಿಯ (ಬಳ್ಳಿ ಸವರುವಿಕೆಯ) ನಂತರ ಮೋಡ ಕವಿದು ಮಳೆ ಹಿಡಿದರೆ ಡೌನಿ ರೋಗ. ಔಷಧ ಹೊಡೆಯುವುದು ತಡವಾದರೆ ಹೂಗೊಂಚಲೇ ಹೋಗುತ್ತದೆ. ಮಾರ್ಚ್, ಏಪ್ರಿಲ್ ಮಣೂಕದ (ಒಣದ್ರಾಕ್ಷಿಯ) ಕಾಲ. ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಕಲಸಿದ ನೀರಿನಲ್ಲಿ ಅದ್ದಿ, ಶೆಡ್ಡಿನ ಜಾಳಿಗೆಯ ಮೇಲೆ ಹರವಿದ ಹಣ್ಣು ಒಣಗಲು ಸುಮಾರು ಎರಡು ವಾರ ಬೇಕು. ಅಷ್ಟರಲ್ಲಿ ಒಂದು ಸಂಜೆ ಎರಚಲು ಒಳಹೊಕ್ಕರೆ ಕಾಳು ಕಪ್ಪಾಗುತ್ತದೆ, ದರ ಬೀಳುತ್ತದೆ. ಆ ಹೊತ್ತಿಗೆ ಪಕ್ಕದ ಊರಿನಿಂದ ‘ಇತ್ತಾಗ ಮೋಡ ಕಟ್ಟೇತಿ, ತಾಡಪತ್ರಿ ಇಳಸ್ರಿ’ ಎಂಬ ಒಂದು ಸಾಲು ಬಂದರೆ ವರ್ಷದ ದುಡಿಮೆ ಉಳಿದೀತು.

ಆ ಸಾಲಿಗೆ ಫೋನಿನಲ್ಲಿ ಜಾಗವಿರಬೇಕು. ಹೂವು, ದೇವರು, ಸುಭಾಷಿತಗಳ ಶುಭೋದಯದ ಚಿತ್ರಗಳು ಭಾರತೀಯರ ಫೋನುಗಳನ್ನು ಎಷ್ಟು ತುಂಬಿದವೆಂದರೆ, ಅವನ್ನು ಹುಡುಕಿ ಅಳಿಸುವ ಸೌಲಭ್ಯವನ್ನೇ ಗೂಗಲ್ ತನ್ನ ಫೈಲ್ಸ್ ಗೋ ಆ್ಯಪಿನಲ್ಲಿ ಕೊಡಬೇಕಾಯಿತು. ಮೆಮೊರಿ ಭರ್ತಿಯಾದ ಫೋನಿನಲ್ಲಿ ವಾಟ್ಸಾಪ್ ಕೆಲಸ ನಿಲ್ಲಿಸಬಹುದು. ತಲುಪದ ಸಂದೇಶವನ್ನು ಕಂಪನಿಯ ಸರ್ವರ್ 30 ದಿನ ಕಾಯ್ದಿಡುತ್ತದೆ. ಮಳೆ 30 ನಿಮಿಷವೂ ಕಾಯುವುದಿಲ್ಲ. ತಲುಪಿದರೂ ನೂರಾರು ಚಿತ್ರಗಳ ಅಡಿಯಲ್ಲಿ ಎಚ್ಚರಿಕೆ ಹೂತುಹೋಗುತ್ತದೆ.

ಆದ್ದರಿಂದ ಅಡ್ಮಿನ್‌ಗಳೇ, ಮಳೆ, ರೋಗ, ಮಾರುಕಟ್ಟೆ ದರ ಇಷ್ಟಕ್ಕೇ ಮೀಸಲಾದ ಬೇರೆ ಗುಂಪು ಮಾಡಿ. ಊರಿಗೆ ಒಬ್ಬರಂತೆ ನಂಬಿಕಸ್ಥರನ್ನು ಅಡ್ಮಿನ್ ಮಾಡಿ, ಅವರಷ್ಟೇ ಬರೆಯುವಂತೆ ಕಟ್ಟು ಹಾಕಿ. ಸಂದೇಶಗಳು 7 ದಿನಕ್ಕೆ ತಾವೇ ಅಳಿಯುವ ಏರ್ಪಾಡೂ ವಾಟ್ಸಾಪಿನಲ್ಲಿದೆ.

ಕಾಲೇಜಿಗೆ ಹೋಗುವ ಮಕ್ಕಳೇ, ಅಪ್ಪ, ಅಜ್ಜನ ಫೋನು ಕೈಗೆ ತೆಗೆದುಕೊಳ್ಳಿ. ಫೋಟೊ, ವಿಡಿಯೊ ತಾವಾಗಿ ಇಳಿಯುವುದನ್ನು ನಿಲ್ಲಿಸಿ, ಹಳೆಯದನ್ನು ಅಳಿಸಿ. 1909ಕ್ಕೆ ‘ಸ್ಟಾರ್ಟ್ 0’ ಎಂದು ಇಂಗ್ಲಿಷಿನಲ್ಲಿ ಎಸ್ಸೆಮ್ಮೆಸ್ ಕಳಿಸಿ, ಜಾಹೀರಾತಿನ ಎಸ್ಸೆಮ್ಮೆಸ್‌ಗಳನ್ನೂ ತಡೆಯಿರಿ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2025ರಲ್ಲಿ ತಂದ ತಿದ್ದುಪಡಿಯಂತೆ ಸರ್ಕಾರಿ ಎಸ್ಸೆಮ್ಮೆಸ್ ಕಳಿಸುವವರ ಹೆಸರಿನ ಕೊನೆಗೆ ಇಂಗ್ಲಿಷಿನ ‘ಜಿ’ ಅಕ್ಷರ, ಜಾಹೀರಾತಿನದಕ್ಕೆ ‘ಪಿ’ ಇರಬೇಕು. ಈ ಗುರುತನ್ನು ಹಿರಿಯರಿಗೆ ತೋರಿಸಿಕೊಡಿ.

ಶುಭೋದಯ ಕಳಿಸುವವರೇ, ನಿಮ್ಮ ಅಕ್ಕರೆಯ ಬಗ್ಗೆ ನನಗೆ ಗೌರವವಿದೆ. ಪುಣೆ, ಬೆಂಗಳೂರಿಗೆ ಹೋದ ಮಕ್ಕಳಿಗೆ ತಾಯಿಯ ಆ ಚಿತ್ರವೇ ಕ್ಷೇಮಸಮಾಚಾರ. ಅದನ್ನು ಅವರಿಗೇ ಕಳಿಸಿ. ರೈತರ ಗುಂಪಿಗೆ ಬೇಡ.

ಅಧಿಕಾರಿಗಳೇ, ಮಳೆಯ ಎಚ್ಚರಿಕೆಯ ಸಂದೇಶ ಕಳಿಸಿದ ಮಾತ್ರಕ್ಕೆ ಸುದ್ದಿ ಮುಟ್ಟಿತೆಂದು ಲೆಕ್ಕ ಬರೆಯಬೇಡಿ. ಗುಡುಗು ಮಳೆಯ ಮುನ್ಸೂಚನೆ ಇದ್ದ ದಿನ ಗ್ರಾಮ ಪಂಚಾಯ್ತಿಯ ಧ್ವನಿವರ್ಧಕದಲ್ಲೂ ಕೂಗಿಸಿ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಯ ಸಂಖ್ಯೆಯನ್ನು ಪ್ರತಿ ಶೆಡ್ಡಿನ ಕಂಬಕ್ಕೂ ಅಂಟಿಸಿ.

ಫೋನು ನಿಮ್ಮದೇ ಇರಬಹುದು. ಅದು ಭರ್ತಿಯಾಗಿದ್ದರೆ ನಷ್ಟ ನಿಮ್ಮೊಬ್ಬರದೇ ಅಲ್ಲ. ನಿಮ್ಮಿಂದ ಸುದ್ದಿ ಮುಂದೆ ಹೋಗಬೇಕಾದ ಬದುವಿನಾಚೆಯ ತೋಟದವರದೂ ಹೌದು. ಈ ಸಲದ ಚಾಟಣಿಗೆ ಮುಂಚೆಯೇ ಈ ಕೆಲಸ ಮುಗಿಸೋಣ.

ಇಂತಿ,
ನಿಮ್ಮ ನೆರೆಯ ಬೆಳೆಗಾರ