ಬ್ಯಾರನ್ ಮೇಷ್ಟ್ರ ಇಂಗ್ಲಿಷ್ ಕ್ಲಾಸು

ಹುಣಸೂರು ತಾಲ್ಲೂಕಿನ ಗುರುಪುರ ಎಂದರೆ ಹೊರಗಿನವರಿಗೆ ಟಿಬೆಟನ್ನರ ಸೆಟ್ಲ್‌ಮೆಂಟು, ಗ್ಯುಮೆ ಮಠ, ಕೆಂಪು ವಸ್ತ್ರದ ಭಿಕ್ಷುಗಳು. ಒಳಗಿನವರು ಬಲ್ಲ ಊರು ಬೇರೆ. ಆಗಸ್ಟ್ ಬಂತೆಂದರೆ ಈ ಸುತ್ತಿನಲ್ಲಿ ಬ್ಯಾರನ್ ಎಂಬ ಸೊಪ್ಪು ಒಣಗಿಸುವ ಮನೆಗಳಲ್ಲಿ ಹಗಲೂ ರಾತ್ರಿ ಹೊಗೆಸೊಪ್ಪು ಬೇಯುತ್ತದೆ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಕಡೆಯ ಎಷ್ಟೋ ಮನೆಗಳ ಸ್ಕೂಲ್ ಫೀಜು, ಮದುವೆ, ಬೋರ್‌ವೆಲ್ಲು ಎಲ್ಲ ಬ್ಯಾರನ್ನಿನ ಬಾಗಿಲಿಂದಲೇ ಹೊರಬಂದಂಥವು. ಅಂಥದೊಂದು ಬ್ಯಾರನ್ನಿನ ಒಲೆ ಕಾಯುತ್ತಾ ದ್ವಿತೀಯ ಪಿಯುಸಿ ಹುಡುಗಿಯೊಬ್ಬಳು ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳನ್ನು ಉದಾಹರಣೆ ಸಮೇತ ಉರು ಹೊಡೆಯುತ್ತಾಳೆಂದು ಕೇಳಿ ಹೋದೆವು. ಹುಡುಗಿ ಊಟಕ್ಕೆ ಎದ್ದಿದ್ದಳು. ಬ್ಯಾರನ್ನೇ ಮಾತಿಗೆ ಸಿಕ್ಕಿತು.

ನಮಸ್ಕಾರ. ಕೈತುಂಬ ಕೆಲಸ ಅಂತ ಕಾಣುತ್ತದೆ?

ಕೈ ಎಲ್ಲಿದೆ ಸ್ವಾಮಿ, ಹೊಟ್ಟೆ ತುಂಬ ಸೊಪ್ಪು. ಇವತ್ತಿಗೆ ಮೂರನೇ ದಿನ. ಮೊದಲು 35 ಡಿಗ್ರಿ ಆಸುಪಾಸಲ್ಲಿ ಇಟ್ಟು ಹಳದಿ ಬರಿಸಬೇಕು, ಆಮೇಲೆ ಆ ಬಣ್ಣ ಕೂರಿಸಬೇಕು, ಕೊನೇಲಿ 70ರ ತನಕ ಏರಿಸಿ ನರ ಒಣಗಿಸಬೇಕು. ಅವಸರ ಮಾಡಿದರೆ ಹಸಿರು ಉಳಿಯುತ್ತೆ, ನಿದ್ದೆ ಮಾಡಿದರೆ ಕಪ್ಪಾಗುತ್ತೆ. ಅದಕ್ಕೇ ಸೀಸನ್ನಲ್ಲಿ ಈ ಮನೇಲಿ ರಾತ್ರಿ ಯಾರಾದರೂ ಒಬ್ಬರು ಎದ್ದೇ ಇರ್ತಾರೆ. ಎದ್ದಿರೋರು ಓದ್ಕೋತಾರೆ. ನಮ್ಮ ಸೀಮೆಯ ಎಷ್ಟೋ ಡಿಗ್ರಿಗಳು ನನ್ನ ಈ ಡಿಗ್ರಿ ಮೇಲೇ ಬಂದಿರೋದು.

ತಾವು ಇಂಗ್ಲಿಷ್ ಕಲಿತದ್ದು ಎಲ್ಲಿ?

ಕಲಿಯೋದೇನು ಬಂತು, ನನ್ನ ಹೆಸರೇ ಇಂಗ್ಲಿಷು. ಹೊಟ್ಟೇಲಿರೋ ಸೊಪ್ಪು ವರ್ಜೀನಿಯಾ. ಲೈಸೆನ್ಸು, ಕೋಟಾ, ಗ್ರೇಡು, ಬೇಲು, ಲಾಟು, ಪೆನಾಲ್ಟಿ, ಎಲ್ಲಾ ಮನೆಮಾತೇ. ನಮ್ಮ ಯಜಮಾನ ಇಸ್ಕೂಲು ಬಿಟ್ಟಿದ್ದು ನಾಲ್ಕನೇ ಕ್ಲಾಸಿಗೆ. ಆದ್ರೆ ಬ್ರೈಟು, ಮೀಡಿಯಂ, ಲೋ ಅನ್ನೋ ಮೂರು ಪದಕ್ಕೆ ಎಷ್ಟೆಷ್ಟು ರೂಪಾಯಿ ಫರಕ್ಕು ಅಂತ ಅವನಿಗೆ ಗೊತ್ತಿರೋ ಹಾಗೆ ಯಾವ ಎಂ.ಎ. ಇಂಗ್ಲಿಷಿಗೂ ಗೊತ್ತಿಲ್ಲ. ‘ನೋಬಿಡ್’ ಅಂದರೇನು ಅಂತ ಅವನು ಡಿಕ್ಷನರಿ ತೆಗೀಲಿಲ್ಲ. ಕಟ್ಟೆಮಳಲವಾಡಿ ಹರಾಜು ಕಟ್ಟೇಲಿ ಬೇಲ್ ಇಳಿಸಿದ, ಒಬ್ಬ ಬಯ್ಯರ್ರೂ ಯಂತ್ರದ ಗುಂಡಿ ಒತ್ತಲಿಲ್ಲ, ಅದೇ ಬೇಲನ್ನ ಅದೇ ಗಾಡಿಗೆ ಹೇರ್ಕೊಂಡು ವಾಪಸ್ ಬಂದ. ಒಂದು ಉದಾಹರಣೆಗೇ ಪದ ಬಾಯಿಪಾಠ ಆಯ್ತು.

ಹುಡುಗಿಯ ಪುಸ್ತಕದಲ್ಲೂ ಹಾಗೇ ಉದಾಹರಣೆ ವಾಕ್ಯಗಳಿವೆಯಲ್ಲ?

ಅದನ್ನೇ ಕೇಳ್ತೀರಿ ಅಂತ ಕಾಯ್ತಿದ್ದೆ. ಮೊದಲನೇದು ‘ಗಿವ್ ಅಪ್’. ವಾಕ್ಯ ಏನು ಗೊತ್ತಾ? ‘ಹಿ ಗೇವ್ ಅಪ್ ಸ್ಮೋಕಿಂಗ್.’ ಸೂರ್ಯ ಮುಳುಗದ ಸಾಮ್ರಾಜ್ಯದಲ್ಲಿ ಮನುಷ್ಯ ಬಿಡೋಕೆ ಬೇರೇನೂ ಇರಲಿಲ್ವ? ಕಾಫಿ, ಜೂಜು, ಸಾಲ, ರಾಜಕೀಯ? ಹುಡುಗಿ ಅದನ್ನ ಹತ್ತು ಸಲ ಗಟ್ಟಿಯಾಗಿ ಹೇಳಿದಳು. ಒಳಗೆ ಕಡ್ಡೀಲಿ ತಲೆಕೆಳಗಾಗಿ ತೂಗ್ತಿದ್ದ ಸೊಪ್ಪೆಲ್ಲ ಕೇಳಿಸ್ಕೊಳ್ತು. ಆಮೇಲೆ ‘ಪುಟ್ ಔಟ್’ ಬಂತು: ದಯವಿಟ್ಟು ನಿಮ್ಮ ಸಿಗರೇಟು ಆರಿಸಿ. ‘ಕಟ್ ಡೌನ್’ ಬಂತು: ಡಾಕ್ಟರು ಅವನಿಗೆ ಸಿಗರೇಟು ಕಮ್ಮಿ ಮಾಡು ಅಂದರು. ಗೈಡು ಬರೆದ ಪುಣ್ಯಾತ್ಮ ಸೇದೋನೇ ಇರಬೇಕು. ಬದುಕಲ್ಲಿ ಬಿಡೋಕಾಗದ್ದನ್ನ ವಾಕ್ಯದಲ್ಲಿ ಬಿಟ್ಟಿದಾನೆ.

ಉದಾಹರಣೆ ತಾನೆ, ಅಷ್ಟು ಮನಸ್ಸಿಗೆ ಹಚ್ಚಿಕೊಳ್ಳಬೇಕೇ?

ಅವನು ಬಿಟ್ಟ, ಅವನ ಶ್ವಾಸಕೋಶ ಉಳೀತು, ಸಂತೋಷ. ಸಿಗರೇಟು ಕೊಲ್ಲುತ್ತೆ ಅನ್ನೋದು ಸುಳ್ಳು ಅಂತ ನಾನಂತೂ ಹೇಳಲ್ಲ. ಮಂಜು ಬಿದ್ದ ಬೆಳಗ್ಗೆ ಹಸಿ ಸೊಪ್ಪು ಮುರಿದು ತಲೆಸುತ್ತು, ವಾಂತಿ ಅಂತ ಮಲಗೋರನ್ನ ಪ್ರತಿ ವರ್ಷ ನೋಡ್ತೀನಿ. ಸೇದದೇನೇ ನಿಕೋಟಿನ್ ಚರ್ಮದಲ್ಲಿ ಇಳಿಯುತ್ತೆ. ನನ್ನ ತಕರಾರು ವ್ಯಾಕರಣದ್ದು. ಆ ವಾಕ್ಯದಲ್ಲಿ ಕರ್ತೃ ಇದೆ, ಕರ್ಮ ಇದೆ, ಕ್ರಿಯಾಪದ ಬಾಲ ಸಮೇತ ಇದೆ. ಸೊಪ್ಪು ಬೆಳೆದೋನು ಎಲ್ಲಿ? ದಿನಗೂಲಿಗೆ ಕೂತು ಕಡ್ಡಿಗೆ ಸೊಪ್ಪು ಕಟ್ಟೋ ಹೆಂಗಸರು ಯಾವ ವಿಭಕ್ತೀಲಿ ಬರ್ತಾರೆ?

ಸರ್ಕಾರವೂ ‘ಗಿವ್ ಅಪ್’ ಎನ್ನುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ 2004ರಲ್ಲೇ ಒಪ್ಪಿಕೊಂಡಿದೆ.

ಅದರ 17ನೇ ವಿಧೀಲಿ ಬೆಳೆಗಾರರಿಗೆ ಬದಲಿ ದಾರಿ ತೋರಿಸಬೇಕು ಅಂತಲೂ ಇದೆ. ‘ಗಿವ್ ಅಪ್’ ಪಾಠ ಮಾಡೋರು ಬೇಕಾದಷ್ಟು ಬಂದ್ರು. ‘ಟೇಕ್ ಅಪ್’ ಪುಟ ಬಂದ ಕೂಡ್ಲೆ ಬೆಲ್ ಹೊಡೆದುಬಿಡುತ್ತೆ. ಮತ್ತೆ ಸರ್ಕಾರ ಅಂದ್ರೆ ಯಾವ ಸರ್ಕಾರ? ದೆಹಲೀಲಿ ನನಗೆ ಇಬ್ಬರು ಮೇಷ್ಟ್ರು. ಒಬ್ಬರು ವಾಣಿಜ್ಯ ಸಚಿವಾಲಯ. 1975ರ ಕಾಯ್ದೆ ಮಾಡಿ, ಮರುವರ್ಷ ತಂಬಾಕು ಮಂಡಳಿ ಕಟ್ಟಿ, ನನಗೆ ಲೈಸೆನ್ಸು ಕೊಟ್ಟು, ರಫ್ತು ‘ಸ್ಟೆಪ್ ಅಪ್’ ಮಾಡು ಅಂತಾರೆ. ಇನ್ನೊಬ್ಬರು ಆರೋಗ್ಯ ಸಚಿವಾಲಯ. ಪ್ಯಾಕಿನ ಮೇಲೆ ನೂರಕ್ಕೆ 85 ಭಾಗ ಭಯಂಕರ ಚಿತ್ರ ಅಚ್ಚು ಹಾಕಿಸಿ ‘ಕಟ್ ಡೌನ್’ ಮಾಡು ಅಂತಾರೆ. ಕ್ರಿಯಾಪದ ಎರಡು, ಸಂಬಳದ ಖಜಾನೆ ಒಂದೇ. ತೆರಿಗೆ ಮಾತು ಬಂದಾಗ ಮಾತ್ರ ಇಬ್ಬರಿಗೂ ಒಂದೇ ಪದ, ‘ಪೇ ಅಪ್’.

ಮತ್ತೆ ಭಾಷೆಗೆ ಬರೋಣ. ವಾಕ್ಯದ ಮೂಲಕ ಪದ ಕಲಿಸುವುದು ಒಳ್ಳೆಯ ಪದ್ಧತಿಯೇ. ಎ.ಎಸ್. ಹಾರ್ನ್‌ಬಿ ಜಪಾನಿನಲ್ಲಿ ಪಾಠ ಹೇಳುತ್ತಿದ್ದಾಗ ಸಿದ್ಧ ಮಾಡಿದ ಕಲಿಯುವವರ ನಿಘಂಟು 1942ರಲ್ಲಿ ಟೋಕಿಯೊದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡಿನವರು ಅದನ್ನು ಹೊರತಂದರು. ಪದದ ಅರ್ಥ ಗೊತ್ತಿದ್ದರೆ ಸಾಲದು, ಅದು ವಾಕ್ಯದಲ್ಲಿ ಕೂರುವ ರೀತಿ ಗೊತ್ತಿರಬೇಕೆಂಬುದು ಹಾರ್ನ್‌ಬಿಯವರ ಹಟ.

ಹಟ ಸರಿಯಾಗೇ ಇದೆ. ಪದ್ಧತಿ ತಪ್ಪು ಅಂತ ನಾನೆಲ್ಲಿ ಅಂದೆ? ಕನ್ನಡ ಹೆಂಗೆ ಕಲಿತ್ರಿ ನೀವು? ‘ಕೈ’ ಅನ್ನೋ ಒಂದು ಪದ ತಗೊಳ್ಳಿ. ಮಳೆ ಕೈಕೊಡ್ತು. ಸೊಸೈಟಿ ಸಾಲ ಕೈಹಿಡೀತು. ಅಣ್ಣ ಕೈಬಿಟ್ಟ. ಆಸ್ಪತ್ರೆಯವರು ಕೈಚೆಲ್ಲಿದ್ರು. ಅಮ್ಮ ಅಕ್ಕಿ ಡಬ್ಬಕ್ಕೆ ಕೈಹಾಕಿದಳು. ‘ಕೊಡು’ ಅಂದ್ರೆ ದಾನ ಅಲ್ವಾ, ಕೈಕೊಟ್ರೆ ಮೋಸ ಹೆಂಗಾಯ್ತು ಅಂತ ಯಾವ ಮಗೂನಾದ್ರೂ ಕೇಳಿದ್ದುಂಟಾ? ಪಟ್ಟಿ ಕೊಟ್ಟು ಬಾಯಿಪಾಠ ಮಾಡಿಸಿದ್ರಾ? ಜೂನ್ ತಿಂಗಳಲ್ಲಿ ಅಪ್ಪ ಆಕಾಶ ನೋಡಿ ‘ಕೈಕೊಡ್ತು ಕಣೇ’ ಅಂದ, ಪಕ್ಕದಲ್ಲಿ ನಿಂತಿದ್ದ ಮಗೂಗೆ ಅರ್ಥ ಇಳೀತು, ಅಷ್ಟೇ. ಇಂಗ್ಲಿಷಿನೋರು ‘ಗಿವ್’ ಜತೆ ಅಪ್ಪು, ಇನ್ನು, ಔಟು ಸೇರಿಸಿದ್ರೆ ನಮ್ಮ ಹುಡುಗಿ ಯಾಕೆ ಹೆದರಬೇಕು? ಹೆದರಿಕೆ ಪದದ್ದಲ್ಲ. ಆ ವಾಕ್ಯದ ಮನೆ ಇವಳು ಕಂಡಿಲ್ಲ. ‘ಜಾನ್ ಡ್ರಾಪ್ಡ್ ಇನ್ ಫಾರ್ ಟೀ’ ಅಂತ ಇದೆ. ನಮ್ಮೂರಲ್ಲಿ ಟೀಗೆ ಅಂತ ಯಾರು ಡ್ರಾಪ್ ಇನ್ ಆಗ್ತಾರೆ? ಬರ್ತಾರೆ, ಕೂರ್ತಾರೆ, ಊಟ ಮಾಡೇ ಹೋಗ್ತಾರೆ.

ಕಟ್ಟಿದ ವಾಕ್ಯ ಬೇಡ, ಜನ ನಿಜವಾಗಿ ಆಡಿದ, ಬರೆದ ವಾಕ್ಯಗಳೇ ಬೇಕೆಂದು ಬರ್ಮಿಂಗ್‌ಹ್ಯಾಮಿನಲ್ಲಿ ಜಾನ್ ಸಿಂಕ್ಲೇರ್ ಕಂಪ್ಯೂಟರಿಗೆ ರಾಶಿ ರಾಶಿ ಬರಹ ತುಂಬಿಸಿ 1987ರಲ್ಲಿ ಕೋಬಿಲ್ಡ್ ನಿಘಂಟು ತಂದರಲ್ಲ?

ಬರ್ಮಿಂಗ್‌ಹ್ಯಾಮಿನ ಜನ ಆಡಿದ್ದು ಬರ್ಮಿಂಗ್‌ಹ್ಯಾಮಿನೋರಿಗೆ ನಿಜ. ಚಿಲ್ಕುಂದದ ಹರಾಜು ಕಟ್ಟೇಲೋ ಕಂಪಲಾಪುರದಲ್ಲೋ ಒಂದು ದಿನ ಆ ಕಂಪ್ಯೂಟರ್ ಇಟ್ಟಿದ್ರೆ ಬೇರೇನೇ ನಿಘಂಟು ಬರ್ತಿತ್ತು. ಅರ್ಧ ಅಚ್ಚು ಹಾಕೋ ಹಂಗಿರ್ತಿರಲಿಲ್ಲ, ಆ ಮಾತು ಬೇರೆ.

ಹಾಗಾದರೆ ಹುಡುಗಿ ಏನು ಮಾಡಬೇಕು?

ಅವಳಾಗಲೇ ಮಾಡಿದಾಳೆ. ನೋಟ್‌ಬುಕ್ಕಿನ ಹಿಂದಿನ ಪುಟದಿಂದ ಕದ್ದು ಬರೀತಾಳೆ. ‘ದಿ ಬಯ್ಯರ್ ಟರ್ನ್ಡ್ ಡೌನ್ ಅವರ್ ಬೇಲ್.’ ‘ಫಾದರ್ ಪುಟ್ ಆಫ್ ಅಕ್ಕಾಸ್ ಮ್ಯಾರೇಜ್.’ ‘ವಿ ರನ್ ಔಟ್ ಆಫ್ ಫೈರ್‌ವುಡ್.’ ಕಾಲ ಆಚೀಚೆ ಆಗಿರಬಹುದು, ಕಷ್ಟ ಆಚೀಚೆ ಆಗಿಲ್ಲ. ಒಂದು ಸಲ ಬರೆದಿದ್ದನ್ನ ಮತ್ತೆ ನೋಡೋದೂ ಇಲ್ಲ. ಒಂದೇ ಒಂದು ವಾಕ್ಯ ಮಾತ್ರ ನನಗೆ ಹಿಡಿಸಲಿಲ್ಲ: ‘ದಿ ಬ್ಯಾರನ್ ಬರ್ನ್ಟ್ ಡೌನ್.’ ಪಕ್ಕದ ತೋಟದೋರದ್ದು ಹೋದ ವರ್ಷ ಹಂಗೇ ಹೋಯ್ತು, ನಿಜ. ಕಡ್ಡಿಯಿಂದ ಒಂದು ಎಲೆ ಜಾರಿ ಕಾದ ಕೊಳವೆ ಮೇಲೆ ಬಿದ್ರೆ ಸಾಕು. ಆದ್ರೂ ನನ್ನ ಮುಂದೇನೇ ಕೂತು ಬರೀಬೇಕಾ?

ಪರೀಕ್ಷೆಯಲ್ಲಿ ಆ ವಾಕ್ಯಗಳಿಗೆ ಅಂಕ ಸಿಗುತ್ತದೆಯೇ?

ಪರೀಕ್ಷೇಲಿ ಅವಳು ಜಾನ್‌ನ ಕೈಲೇ ಸಿಗರೇಟು ಬಿಡಿಸ್ತಾಳೆ. ದಡ್ಡಿ ಅಲ್ಲ.

ಟಿಬೆಟನ್ ನೆರೆಹೊರೆಯವರ ಇಂಗ್ಲಿಷ್ ಹೇಗಿದೆ?

ನಮಗಿಂತ ವಾಸಿ. 1970ರ ದಶಕದ ಆರಂಭದಲ್ಲಿ ಬಂದೋರು. ಗೈಡಿನ ಪ್ರಕಾರ ‘ಸೆಟಲ್ ಡೌನ್’ ಅಂದ್ರೆ ನೆಲೆಯೂರು. ಅಜ್ಜಿಯರು ಊರಿದಾರೆ, ಸಂತೇಲಿ ಕನ್ನಡದಲ್ಲೇ ಚೌಕಾಸಿ ಮಾಡ್ತಾರೆ, ನನಗೂ ಅರ್ಥ ಆಗದ ಬೈಗುಳ ಬರುತ್ತೆ. ಕಾಗದದಲ್ಲಿ ಮಾತ್ರ ಇನ್ನೂ ನಿರಾಶ್ರಿತರು. ಊರು ಸೆಟ್ಲ್‌ಮೆಂಟು, ಜನ ಸೆಟಲ್ ಆಗದೋರು. ಇದನ್ನ ಯಾವ ಮೇಷ್ಟ್ರು ಬಿಡಿಸಿ ಹೇಳ್ತಾರೋ ನೋಡೋಣ. ಮೊಮ್ಮಕ್ಕಳು ಕೆನಡಾ ಕಡೆ ಮುಖ ಮಾಡಿ ‘ಮೂವ್ ಔಟ್’ ಓದ್ತಿದಾರೆ. ನಮ್ಮ ಮನೆಯ ಹುಡುಗೀನೂ ಬೆಂಗಳೂರು ಅಂತಿದಾಳೆ, ಅದೂ ಅದೇ ಪುಟ.

ಕೊನೆಯದಾಗಿ, ಇಂಗ್ಲಿಷ್ ಕಲಿಯುವ ಗ್ರಾಮೀಣ ವಿದ್ಯಾರ್ಥಿಗಳಿಗೆ ತಮ್ಮ ಸಂದೇಶ?

ಸಂದೇಶ ಕೊಡೋಕೆ ನಾನೇನು ವಾರ್ಷಿಕೋತ್ಸವದ ಮುಖ್ಯ ಅತಿಥೀನಾ? ಮಾತಾಡಿಸ್ತಾ ಮಾತಾಡಿಸ್ತಾ ಎರಡು ಡಿಗ್ರಿ ಇಳಿಸಿಬಿಟ್ರಿ. ಬಂದಿದ್ದಕ್ಕೆ ಒಂದು ಉಪಕಾರ ಮಾಡಿ, ಆ ಒಲೆಗೆ ನಾಲ್ಕು ಸೌದೆ ನೂಕಿ. ಅಯ್ಯೋ, ಆ ಮೂಲೆಯ ದಪ್ಪದ್ದು ಮುಟ್ಟಬೇಡಿ. ಅದರ ಉದಾಹರಣೆ ವಾಕ್ಯ ಅರಣ್ಯ ಇಲಾಖೆಯೋರ ಹತ್ರ ಇದೆ.