ಯಾರಿಗೆ ತೆರೆದಿದೆ ಎಂದೂ ಬರೆಯಿರಿ
(ಪ್ರಕಟಣೆಗಳನ್ನು ಕನ್ನಡಕ್ಕೆ ತರುವವರಿಗೊಂದು ಬಹಿರಂಗ ಪತ್ರ)

ಮಾನ್ಯರೇ,

ಶಾಲೆ, ರೈಲು, ಸೇತುವೆ, ಕಾರ್ಖಾನೆ ಮುಚ್ಚಿ ಮತ್ತೆ ತೆರೆದಾಗ ಅದನ್ನು ಊರಿಗೆ ತಿಳಿಸುವವರು ನೀವು. ಇಂಗ್ಲಿಷಿನ ಆದೇಶ ಬರುತ್ತದೆ, ಸಂಜೆಯೊಳಗೆ ಕನ್ನಡದ ಪ್ರತಿ ಹೊರಡಬೇಕು. ಆ ಅವಸರದಲ್ಲಿ ‘ಹಂತಹಂತವಾಗಿ ಪುನರಾರಂಭಿಸಲಾಗುವುದು’ ಎಂಬ ಸಾಲು ಹುಟ್ಟುತ್ತದೆ. ಕಲಬುರಗಿ ಜಿಲ್ಲೆಯ ಸೇಡಂ, ಚಿಂಚೋಳಿ ಕಡೆಯವರು ಇದನ್ನೇ ‘ಸಾಲಿ ಚಾಲು ಆಗ್ಯಾವ’ ಎನ್ನುತ್ತಾರೆ. ಹಿಂದೆಯೇ ಕೇಳುತ್ತಾರೆ: ಯಾವ ಕ್ಲಾಸು? ಯಾವತ್ತಿನಿಂದ?

ನಿಮ್ಮ ಸಾಲಿನಲ್ಲಿ ಇಲ್ಲದ್ದು ಈ ಉತ್ತರ. ಕೋವಿಡ್‌ನಿಂದ ಮುಚ್ಚಿದ್ದ ಶಾಲೆಗಳಲ್ಲಿ 2021ರಲ್ಲಿ 9ರಿಂದ 12ನೇ ತರಗತಿಗಳು ಆಗಸ್ಟ್ 23ಕ್ಕೆ ಶುರುವಾದವು, 6ರಿಂದ 8ರವರೆಗಿನವು ಸೆಪ್ಟೆಂಬರ್ 6ಕ್ಕೆ. ಒಂದರಿಂದ ಐದರ ಮಕ್ಕಳು ಅಕ್ಟೋಬರ್ 25ರವರೆಗೆ ಕಾಯಬೇಕಾಯಿತು. ಚಿಂಚೋಳಿಯ ತಾಂಡಾಗಳಿಂದ ಮುಂಬೈ, ಪುಣೆ, ಹೈದರಾಬಾದಿಗೆ ಗುಳೆ ಹೋದ ತಾಯಿಗೆ ಈ ದಿನಾಂಕಗಳೇ ಸುದ್ದಿ. ಮಗಳನ್ನು ಈಗಲೇ ಊರಿಗೆ ಕಳಿಸಬೇಕೋ, ದೀಪಾವಳಿಯವರೆಗೆ ಜೊತೆಯಲ್ಲಿಟ್ಟುಕೊಳ್ಳಬೇಕೋ ಎಂದು ಆಕೆ ಅವುಗಳ ಮೇಲೆಯೇ ತೀರ್ಮಾನಿಸುತ್ತಾಳೆ.

ವಾಡಿ ಜಂಕ್ಷನ್ನಿನ ಮಾತೂ ಅಷ್ಟೇ. ಕೋವಿಡ್ ಲಾಕ್‌ಡೌನ್‌ನಲ್ಲಿ ರೈಲುಗಳು ನಿಂತ ಮೇಲೆ, 2020ರ ಜೂನ್ 1ರಿಂದ ಇನ್ನಷ್ಟು ರೈಲುಗಳು ಓಡತೊಡಗಿದವು. ಆದರೆ ಅವು ವಿಶೇಷ ರೈಲುಗಳು. ಜನರಲ್ ಬೋಗಿಗೂ ಮುಂಗಡ ಟಿಕೆಟ್ ಬೇಕಿತ್ತು. ‘ರೈಲು ಸೇವೆ ಪುನರಾರಂಭ’ ಎಂಬ ತಲೆಬರಹ ನಂಬಿ ಗಂಟು ಕಟ್ಟಿಕೊಂಡು ಹೊರಟ ಕೂಲಿಯವನಿಗೆ ಬಾಗಿಲು ಇನ್ನೂ ಮುಚ್ಚಿಯೇ ಇತ್ತು. ಮಳೆಗಾಲದಲ್ಲಿ ಕಾಗಿಣಾ ನದಿ ಉಕ್ಕಿ ಮಳಖೇಡದ ಸೇತುವೆ ಮುಳುಗಿದರೆ ಸೇಡಂ–ಕಲಬುರಗಿ ದಾರಿ ನಿಲ್ಲುತ್ತದೆ. ನೀರು ಇಳಿದ ಮೇಲೆ ‘ಸಂಚಾರಕ್ಕೆ ಮುಕ್ತ’ ಎಂದರೆ ಬೈಕಿಗೋ, ಬಸ್ಸಿಗೋ, ಸಿಮೆಂಟ್ ಹೊತ್ತ ಲಾರಿಗೋ? ಶಹಾಬಾದಿನವರು ತಮ್ಮೂರಿನ ಸಿಮೆಂಟ್ ಕಾರ್ಖಾನೆ ಮುಚ್ಚಿದ್ದನ್ನು ಕಂಡವರು. ಅಂಥ ಊರಲ್ಲಿ ‘ಪುನಶ್ಚೇತನ’ ಎಂದು ಬರೆಯುವವರು ಹಳೆಯ ಕಾರ್ಮಿಕರಿಗೆ ಕೆಲಸ ಉಂಟೇ ಎಂಬುದನ್ನೂ ಬರೆಯಬೇಕು.

‘ತೆರೆಯಲಾಗಿದೆ’ ಎಂಬ ಕ್ರಿಯಾಪದಕ್ಕೆ ಕರ್ತೃವಿಲ್ಲ. ಯಾರು ತೆರೆದರು, ತೊಂದರೆಯಾದರೆ ಯಾರನ್ನು ಕೇಳಬೇಕು ಎಂಬುದು ಅದರೊಳಗೆ ಅಡಗಿಹೋಗುತ್ತದೆ. ಇಂಗ್ಲಿಷ್ ಆದೇಶಕ್ಕೆ ಆ ಮರೆ ಅನುಕೂಲವಿರಬಹುದು. ಓದುವವನಿಗೆ ಅದರಿಂದ ಏನೂ ದಕ್ಕುವುದಿಲ್ಲ.

ಜನರಿಗೆ ಆದೇಶ ಮುಟ್ಟಿಸುವ ಪಾಠ ನಮ್ಮ ಚಿತ್ತಾಪುರ ತಾಲ್ಲೂಕಿನ ಮಣ್ಣಿನಲ್ಲೇ ಇದೆ. 1986ರಲ್ಲಿ ಸನ್ನತಿಯ ಚಂದ್ರಲಾಂಬಾ ದೇವಾಲಯದ ಆವರಣದ ಕಾಳಿ ಗುಡಿಯ ಚಾವಣಿ ಕುಸಿದಾಗ ಮೂರ್ತಿಯ ಪೀಠವಾಗಿದ್ದ ಕಲ್ಲಿನಲ್ಲಿ ಅಶೋಕನ ಶಾಸನ ಸಿಕ್ಕಿತು. ಬ್ರಾಹ್ಮಿ ಲಿಪಿ, ಪ್ರಾಕೃತ ಭಾಷೆ. ಒಡಿಶಾದ ಧೌಲಿಯಲ್ಲಿರುವ, ‘ಪ್ರತ್ಯೇಕ ಶಾಸನ’ಗಳೆಂದು ಕರೆಯುವ ಶಾಸನಗಳ ಪಾಠ ಈ ಕಲ್ಲಿನಲ್ಲೂ ಇದೆ. ತಿಷ್ಯ ನಕ್ಷತ್ರದ ದಿನ ಇದನ್ನು ಓದಿ ಕೇಳಿಸಬೇಕು, ಆ ದಿನಗಳ ನಡುವೆ ಒಬ್ಬನೇ ಕೇಳುಗನಿದ್ದರೂ ಕೇಳಿಸಬಹುದು ಎಂಬ ಸೂಚನೆ ಧೌಲಿಯ ಪಾಠದಲ್ಲಿದೆ. ಅದೇ ಚಕ್ರವರ್ತಿ ಕಂದಹಾರದ ಜನರಿಗೆ ಗ್ರೀಕ್ ಮತ್ತು ಅರಾಮಿಕ್‌ನಲ್ಲಿ ಬರೆಸಿದ. ಬರೆದದ್ದು ಯಾರ ಕಿವಿಗೆ ಬೀಳಬೇಕು ಎಂಬ ಎಚ್ಚರ ಆ ಆಡಳಿತಕ್ಕಿತ್ತು.

ಕನ್ನಡ, ಉರ್ದು, ತೆಲುಗು, ಲಂಬಾಣಿ ಕೂಡಿ ಬಾಳುವ ನಮ್ಮ ಸೀಮೆಗೆ ಆ ಎಚ್ಚರ ಇನ್ನೂ ಹೆಚ್ಚು ಬೇಕು. ಇಲ್ಲಿ ಬಹಳ ಮಂದಿ ಪ್ರಕಟಣೆಯನ್ನು ಓದುವುದಿಲ್ಲ, ಆಟೋದ ಮೈಕಿನಲ್ಲಿ ಕೇಳುತ್ತಾರೆ. ಹಾಗಾಗಿ ಯಾವತ್ತಿನಿಂದ, ಯಾರಿಗೆ, ಯಾವ ಷರತ್ತಿಗೆ, ಹೊಣೆ ಯಾರದು ಎಂಬುದನ್ನು ಮೊದಲ ಎರಡು ಸಾಲಿನಲ್ಲೇ ಹೇಳಿ. ‘ಚಾಲು’, ‘ಬಂದ್’, ‘ಕೀಲಿ ತಗದದ’ ಎಂಬ ಮಾತುಗಳನ್ನು ಅಶಿಷ್ಟವೆಂದು ದೂರವಿಡಬೇಡಿ. ಇಲ್ಲಿ ಅವು ಮಾತೃಭಾಷೆ. ಸಹಿಗೆ ಕಳಿಸುವ ಮುನ್ನ ಕರಡನ್ನು ಕಚೇರಿಯ ಹೊರಗಿನ ಒಬ್ಬರಿಗೆ, ಅಂಗನವಾಡಿ ಕಾರ್ಯಕರ್ತೆಗೋ ಬಸ್ ಕಂಡಕ್ಟರಿಗೋ, ಓದಿ ಕೇಳಿಸಿ. ಅವರು ಮರುಪ್ರಶ್ನೆ ಕೇಳಿದರೆ ಆ ಉತ್ತರವನ್ನೂ ಸೇರಿಸಿದ ಮೇಲೆಯೇ ಪ್ರತಿ ಹೊರಡಲಿ.

ಇಂತಿ,
ಕಾಗಿಣಾ ದಂಡೆಯ ಓದುಗ