ಕೀಲಿಮಣೆಯ ಧನ್ವಂತರಿ

ಪ್ರತಿಯೊಂದು ಕಚೇರಿಯಲ್ಲಿಯೂ, ಸಾಹೇಬರ ಮೇಜಿಗೆ ತುಸು ದೂರದಲ್ಲಿಯೂ ಕಾಫಿಯ ಫ್ಲಾಸ್ಕಿಗೆ ತೀರ ಸಮೀಪದಲ್ಲಿಯೂ ಆಸೀನರಾಗಿದ್ದು, ಯಾರ ಗಣಕಯಂತ್ರಕ್ಕೆ ಯಾವ ವ್ಯಾಧಿ ತಗಲಿದರೂ ಕರೆಯದೆಯೇ ಎದ್ದುಬರುವ ಮಹನೀಯರೊಬ್ಬರು ಇದ್ದೇ ಇರುತ್ತಾರೆ. ನಮ್ಮಲ್ಲಿ ಆ ಪದವಿ ಶಿರಸ್ತೇದಾರ ರಾಯರದು. ಅವರ ಚಿಕಿತ್ಸೆಗೆ ಶಾಸ್ತ್ರಾಧಾರವಿಲ್ಲವೆಂದು ಆಕ್ಷೇಪಿಸುವವರುಂಟು. ಅವರ ಆತ್ಮವಿಶ್ವಾಸಕ್ಕಂತೂ ಯಾವ ಆಧಾರವೂ ಬೇಕಾಗಿಲ್ಲ.

ತಂತ್ರಾಂಶದ ಅಪ್‌ಡೇಟ್ ಮುಗಿದ ಮರುದಿನ, ಕೆ.ಪಿ. ರಾವ್ ಅವರ ಕೀಲಿವಿನ್ಯಾಸದಲ್ಲಿ ಕಣ್ಣು ಮುಚ್ಚಿ ಬೆರಳಾಡಿಸಬಲ್ಲ ನಮ್ಮ ಬೆರಳಚ್ಚುಗಾರ್ತಿ 'ಮನವಿ' ಎಂದು ಒತ್ತಿದರೆ, ಪರದೆಯ ಮೇಲೆ 'ಸಲನಗ' ಎಂದು ಮೂಡಿತು. ಆಕೆ ಬಾಯಿ ತೆರೆಯುವಷ್ಟರಲ್ಲಿ ರಾಯರು ಪ್ರತ್ಯಕ್ಷರಾದರು.

"ಇದು ವೈರಸ್ಸೇ ಕಣಮ್ಮ, ಸಂಶಯವೇ ಬೇಡ" ಎಂದು ನಿದಾನವನ್ನು ಘೋಷಿಸಿ, ಕೀಲಿಮಣೆಯನ್ನು ಬೋರಲು ಹಾಕಿ ತಟ್ಟಲು, ಚಕ್ಕುಲಿಯ ಚೂರೂ ನಾಲ್ಕಾರು ಎಳ್ಳೂ ಒಂದು ಗುಂಡುಸೂಜಿಯೂ ಉದುರಿದವು. "ನೋಡಿದೆಯಾ, ರೋಗಮೂಲ!" ಎಂದು ಉತ್ಸಾಹಗೊಂಡು ಕರವಸ್ತ್ರದಿಂದ ಗುಂಡಿಗಳನ್ನು ಉಜ್ಜತೊಡಗಿದಾಗ, ಅವರ ಹೆಬ್ಬೆರಳು ಬಲಬದಿಯ ಶಿಫ್ಟಿನ ಮೇಲೆ 8 ಸೆಕೆಂಡುಗಳಷ್ಟು ಕಾಲ ಊರಿ ನಿಂತಿತು. ಫಿಲ್ಟರ್ ಕೀ ಬೇಕೇ ಎಂದು ಯಂತ್ರವು ಸವಿನಯವಾಗಿ ಕೇಳಲು, ಪ್ರಶ್ನೆಯನ್ನು ಓದುವುದು ಅಧೀರರ ಲಕ್ಷಣವೆಂದು ಬಗೆದಿರುವ ರಾಯರು 'ಯೆಸ್' ಒತ್ತಿಯೇಬಿಟ್ಟರು. ಅಲ್ಲಿಯವರೆಗೆ ತಪ್ಪಾಗಿಯಾದರೂ ಬರುತ್ತಿದ್ದ ಅಕ್ಷರಗಳು, ಅನಂತರ ಬೆರಳಿನ ಲಘುಸ್ಪರ್ಶಕ್ಕೆ ಬರುವುದನ್ನೇ ಬಿಟ್ಟವು.

"ಕೈ ಮೀರಿದೆ. ಹೊಸ ಕೀಬೋರ್ಡಿಗೆ ಇಂಡೆಂಟ್ ಹಾಕಮ್ಮ" ಎಂದು ತೀರ್ಪಿತ್ತು ರಾಯರು ಫ್ಲಾಸ್ಕಿನತ್ತ ನಡೆದ ಮೇಲೆ, ಆಕೆ ಫಿಲ್ಟರ್ ಕೀಯನ್ನು ನಿಲ್ಲಿಸಿ, ಒಂದೊಂದೇ ಅಕ್ಷರವನ್ನು ಪರೀಕ್ಷಿಸಿದಳು. ಕಕಾರವಂತೂ ಸ್ವಸ್ಥಾನದಲ್ಲಿಯೇ ಇದ್ದಿತು. ಕೆ.ಪಿ. ರಾವ್ ವಿನ್ಯಾಸಕ್ಕೂ ಇನ್‌ಸ್ಕ್ರಿಪ್ಟ್ ಎಂಬ ಇನ್ನೊಂದು ಕೀಲಿವಿನ್ಯಾಸಕ್ಕೂ ಕಕಾರದ ಗುಂಡಿ ಒಂದೇ. 'ಮ', 'ನ', 'ವ'ಗಳ ಗುಂಡಿಗಳು ಬೇರೆ. ಕೆಟ್ಟಿರುವುದು ಕೀಲಿಮಣೆಯಲ್ಲ, ಬದಲಾಗಿರುವುದು ವಿನ್ಯಾಸವೆಂದು ಅರಿತು, ಪರದೆಯ ಕೆಳಗಿನ ಬಲಮೂಲೆಯಲ್ಲಿ ಹಳೆಯದನ್ನು ಆರಿಸಿಕೊಳ್ಳಲು, ಮನವಿಯು ಮತ್ತೆ ಮನವಿಯಾಯಿತು.

ಲೋಟ ಹಿಡಿದೇ ಹಿಂದಿರುಗಿದ ರಾಯರು ಪರದೆಯನ್ನು ಇಣುಕಿ, "ತಟ್ಟಿದ್ದು ಈಗ ನಾಟಿತು ನೋಡು" ಎಂದರು.

ಆದುದರಿಂದ ವಾಚಕರಲ್ಲಿ ಒಂದು ಬಿನ್ನಹ: ಅಪ್‌ಡೇಟಿನ ತರುವಾಯ ಅಕ್ಷರಗಳು ದಾರಿ ತಪ್ಪಿದರೆ, ಯಾವ ವಿನ್ಯಾಸ ಚಾಲ್ತಿಯಲ್ಲಿದೆಯೆಂಬುದನ್ನು ಮೊದಲು ನೋಡಿಕೊಳ್ಳಿ, ಅಲ್ಲಿಯವರೆಗೆ ಗಟ್ಟಿಯಾಗಿ ನಿಟ್ಟುಸಿರು ಬಿಡಬೇಡಿ, ರಾಯರಿಗೆ ಕೇಳಿಸೀತು.